ಪದಚರ್ಚೆ: ‘ಉಪವಾಸ ಮುರಿದರು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ರಂಜಾನ್ ತಿಂಗಳು ಬಂತೆಂದರೆ ಸುದ್ದಿಗಳಲ್ಲಿ ಈ ಥರದ ವಾಕ್ಯ ಕಾಣಿಸುತ್ತದೆ: ‘ಸಂಜೆ ಎಲ್ಲರೂ ಸೇರಿ ಉಪವಾಸ ಮುರಿದರು.’ ಓದಿದವರು ಯಾರೂ ತಪ್ಪು ತಿಳಿಯುವುದಿಲ್ಲ, ನಿಜ. ಆದರೂ ಆ ‘ಮುರಿ’ ನನ್ನ ಕಿವಿಗೆ ಸರಿಹೋಗುವುದಿಲ್ಲ. ಕನ್ನಡದಲ್ಲಿ ನಾವು ಮಾತು ಮುರಿಯುತ್ತೇವೆ, ಒಪ್ಪಂದ ಮುರಿಯುತ್ತೇವೆ, ಮದುವೆ ಮುರಿದುಬೀಳುತ್ತದೆ. ‘ವ್ರತ ಮುರಿದ’ ಅಂದರೆ ಪೂರೈಸಿದ ಅಂತ ಯಾರೂ ಅಂದುಕೊಳ್ಳುವುದಿಲ್ಲ. ನಡುವೆ ಕೆಡಿಸಿಕೊಂಡ ಅಂತಲೇ ಅರ್ಥ. ಹಾಗಿರುವಾಗ, ಹೊತ್ತಿಗೆ ಸರಿಯಾಗಿ ನಿಯಮದಂತೆ ಉಪವಾಸ ಮುಗಿಸಿದವರ ಬಗ್ಗೆ ‘ಮುರಿದರು’ ಅನ್ನುವುದು ಸರಿಯಾ?

ಇದು ಇಂಗ್ಲಿಷಿನ ‘ಬ್ರೇಕ್’ ಪದದ ನೆರಳು ಅಂತ ಥಟ್ಟನೆ ಅನ್ನಿಸುತ್ತದೆ. ಬೆಳಗಿನ ತಿಂಡಿಯೇ ಅಲ್ಲಿ ‘ಬ್ರೇಕ್‌ಫಾಸ್ಟ್’ ತಾನೆ. ಆದರೆ ಇಂಗ್ಲಿಷನ್ನು ಮಾತ್ರ ದೂರಿದರೆ ಆಗುವುದಿಲ್ಲ. ಸಂಜೆ ಉಪವಾಸ ಮುಗಿಸುವುದಕ್ಕೆ ಹೇಳುವ ‘ಇಫ್ತಾರ್’ ಅರಬ್ಬಿ ಪದ. ಅದರ ಧಾತುವಿಗೂ ಸೀಳು, ಒಡೆ ಎಂಬ ಅರ್ಥ ಇದೆ. ರಂಜಾನ್ ಹಬ್ಬದ ಹೆಸರಾದ ‘ಈದುಲ್ ಫಿತ್ರ್’ನಲ್ಲಿ ಇರುವ ಫಿತ್ರ್ ಕೂಡ ಅದೇ ಧಾತುವಿನದು. ಅಲ್ಲಿ ಆ ಪದಕ್ಕೆ ಕೆಡಿಸುವ ಬಣ್ಣ ಇಲ್ಲ, ಅಷ್ಟೇ.

ನನಗೆ ಇಲ್ಲಿ ಜಾಸ್ತಿ ನೆರವಿಗೆ ಬಂದದ್ದು ಉರ್ದು. ಉರ್ದುವಿನಲ್ಲಿ ರೋಜಾ ‘ರಖ್ನಾ’ ಅಂದರೆ ಉಪವಾಸ ಇರುವುದು. ಸಂಜೆ ಮುಗಿಸುವುದಕ್ಕೆ ರೋಜಾ ‘ಖೋಲ್ನಾ’, ಅಂದರೆ ತೆರೆಯುವುದು. ರೋಜಾ ‘ತೋಡ್ನಾ’ ಅನ್ನುವ ಮಾತೂ ಇದೆ. ಅದರ ಅರ್ಥವೇ ಬೇರೆ: ಹೊತ್ತಿಗೆ ಮೊದಲೇ ತಿಂದು ಅಥವಾ ಕುಡಿದು ಉಪವಾಸ ಕೆಡಿಸುವುದು. ಬೇಕೆಂದೇ ಹಾಗೆ ಮಾಡಿದರೆ ತಪ್ಪು, ಮತ್ತೊಂದು ದಿನ ಅದನ್ನು ತುಂಬಿಕೊಡಬೇಕು. ಮರೆತು ತಿಂದರೆ ರೋಜಾ ಮುರಿಯುವುದಿಲ್ಲ ಅನ್ನುವುದು ಹೆಚ್ಚಿನ ಪಂಥಗಳ ಅಭಿಪ್ರಾಯ. ಹೊತ್ತು ಮುಳುಗಿದ ಕೂಡಲೇ ಇಫ್ತಾರ್ ಮಾಡುವುದೇ ಒಳ್ಳೆಯದು, ಸುಮ್ನೆ ತಡ ಮಾಡಬಾರದು ಅಂತಲೂ ಹದೀಸ್ (ಪ್ರವಾದಿಯವರ ನಡೆನುಡಿಗಳ ದಾಖಲೆ) ಹೇಳುತ್ತದೆ. ಅಂದರೆ ಮುಗಿಸುವುದೂ ಆಚರಣೆಯ ಒಂದು ಭಾಗ. ರೋಜಾ ಇರುವವರ ಭಾಷೆಯಲ್ಲಿ ‘ತೆರೆ’ಗೂ ‘ಮುರಿ’ಗೂ ಇಷ್ಟು ಸ್ಪಷ್ಟವಾದ ಗೆರೆ ಇದೆ. ನಾವು ಕನ್ನಡದಲ್ಲಿ ಬರೆಯುವಾಗ ಸರಿಯಾಗಿ ಆ ತಪ್ಪಿನ ಕಡೆಯ ಪದವನ್ನೇ ಎತ್ತಿಕೊಳ್ಳುತ್ತಿದ್ದೇವೆ, ಅಲ್ವಾ?

ನಮ್ಮ ಅಕ್ಕಪಕ್ಕದ ಭಾಷೆಗಳನ್ನೂ ನೋಡಿದೆ. ಮಲಯಾಳದಲ್ಲಿ ಇಫ್ತಾರಿಗೆ ‘ನೋಂಬು ತುರ’ ಅನ್ನುತ್ತಾರೆ, ತಮಿಳಿನಲ್ಲಿ ‘ನೋನ್ಬು ತಿರಪ್ಪು’. ಎರಡರಲ್ಲೂ ತೆರೆಯುವ ಅರ್ಥವೇ. ಈಗ ನನ್ನ ನಿಜವಾದ ಅನುಮಾನಕ್ಕೆ ಬರುತ್ತೇನೆ. ಕನ್ನಡದಲ್ಲಿ ‘ಉಪವಾಸ ತೊರೆದರು’ ಅನ್ನುವ ಬಳಕೆಯೂ ಇದೆ. ‘ತೊರೆ’ ಅಂದರೆ ತ್ಯಜಿಸು. ಮನೆ ತೊರೆದ, ರಾಜ್ಯ ತೊರೆದ ಅನ್ನುತ್ತೇವೆ. ಸಂಜೆ ಮುಗಿಸಿ ಮರುದಿನ ಬೆಳಕು ಹರಿಯುವ ಮೊದಲೇ ಮತ್ತೆ ಶುರು ಮಾಡುವ ಉಪವಾಸಕ್ಕೆ ‘ತೊರೆ’ ಹೇಗೆ ಬಂತು? ಮಲಯಾಳದ ‘ತುರ’ ಕನ್ನಡದ ಕಿವಿಗೆ ‘ತೊರೆ’ ಅಂತ ಕೇಳಿಸಿ ಹಾಗೆ ಆಗಿರಬಹುದಾ? ಇದು ನನ್ನ ಊಹೆ ಮಾತ್ರ. ಸುಮ್ನೆ ‘ಬಿಡು’ ಪದಕ್ಕೆ ಒಂದಿಷ್ಟು ಗಂಭೀರ ಬಟ್ಟೆ ತೊಡಿಸಿ ‘ತೊರೆ’ ಅಂದಿರಲೂಬಹುದು. ಹಳೆಯ ಬಳಕೆ ಗೊತ್ತಿರುವವರು ಹೇಳಬೇಕು.

ಮೇಲೆ ಬಂದ ‘ನೋಂಬು’ ಬಗ್ಗೆ ಒಂದು ಮಾತು. ಇದು ಕನ್ನಡಕ್ಕೆ ಹೊರಗಿನದಲ್ಲ. ನಮ್ಮ ‘ನೋಂಪಿ’ ಅದೇ. ಹಳಗನ್ನಡದಲ್ಲಿ ‘ನೋನ್’ ಅಂದರೆ ವ್ರತ ಹಿಡಿ. ಜೈನರಲ್ಲಿ ನೋಂಪಿಯ ಕಥೆಗಳು ಬೇಕಾದಷ್ಟಿವೆ. ಕೇರಳದ ಕ್ರೈಸ್ತರು ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಿಗೆ ‘ವಲಿಯ ನೋಂಬು’ ಅನ್ನುತ್ತಾರೆ. ಅಲ್ಲಿನ ಮುಸ್ಲಿಮರಿಗೆ ರಂಜಾನಿನ ಉಪವಾಸವೂ ನೋಂಬು. ಮೂರು ಧರ್ಮಗಳವರು ಒಂದೇ ದ್ರಾವಿಡ ಪದವನ್ನು ಜಗಳವಿಲ್ಲದೆ ಬಳಸುತ್ತಿದ್ದಾರೆ. ಕನ್ನಡದಲ್ಲಿ ಮಾತ್ರ ಅದು ಜೈನ ಕಥೆಗಳ ಪುಟಗಳಲ್ಲೇ ಉಳಿದುಬಿಟ್ಟಿತು ಅನ್ನಿಸುತ್ತದೆ. ಆ ಜಾಗವನ್ನೆಲ್ಲ ‘ಉಪವಾಸ’ ತುಂಬಿಕೊಂಡಿತು.

ಶ್ರವಣಬೆಳಗೊಳದ 7ನೇ ಶತಮಾನದ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮಾತೊಂದಿದೆ: ‘ನೋಂತು ಮುಡಿಪ್ಪಿದರ್’. ವ್ರತ ಹಿಡಿದು ಮುಗಿಸಿದರು, ಅಂದರೆ ಮೆಲ್ಲಗೆ ಅನ್ನ ನೀರು ಬಿಡುತ್ತ ಸಾವನ್ನು ಎದುರುಗೊಳ್ಳುವ ಜೈನರ ವ್ರತವಾದ ಸಲ್ಲೇಖನದಲ್ಲಿ ದೇಹ ಬಿಟ್ಟರು. ಇಲ್ಲಿ ಕ್ರಿಯಾಪದ ಎಷ್ಟು ಜೋಪಾನವಾಗಿದೆ ನೋಡಿ. ಮುರಿದದ್ದೂ ಅಲ್ಲ, ಬಿಟ್ಟದ್ದೂ ಅಲ್ಲ. ಈ ವ್ರತ ಮುಗಿಯುವುದು ಊಟದಿಂದಲ್ಲ. ಆದ್ದರಿಂದಲೇ ಸಲ್ಲೇಖನದ ಬಗ್ಗೆ ‘ಉಪವಾಸ ಮಾಡಿ ಸತ್ತರು’ ಅಂತ ಬರೆದರೆ ಜೈನರಿಗೆ ನೋವಾಗುತ್ತದೆ. ‘ಸಲ್ಲೇಖನ’ ಪದದ ಅರ್ಥವೇ ತೆಳ್ಳಗೆ ಮಾಡುವುದು. ದೇಹವನ್ನೂ, ಮನಸ್ಸಿನ ಕಲ್ಮಷಗಳನ್ನೂ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಇದನ್ನು ಆತ್ಮಹತ್ಯೆಯ ಸಾಲಿಗೆ ಸೇರಿಸಿತು. ಅದೇ ತಿಂಗಳ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಆಗ ನಡೆದ ಜಗಳದಲ್ಲಿ ಪಾಲು ಜಾಸ್ತಿ ಯಾವ ಪದ ಬಳಸಬೇಕು ಅನ್ನುವುದರದ್ದೇ ಆಗಿತ್ತು.

ಹಾಗಾದರೆ ಮುಗಿಸುವುದಕ್ಕೆ ನಮ್ಮಲ್ಲಿ ಒಳ್ಳೆಯ ಪದ ಇಲ್ಲವೇ? ಇದೆ: ಪಾರಣೆ. ಸಂಸ್ಕೃತದ್ದು, ‘ಪಾರು’ ಮತ್ತು ‘ಪಾರ’ ಪದಗಳ ನೆಂಟ. ದಾಟಿ ದಡ ಸೇರುವ ಅರ್ಥ. ಏಕಾದಶಿ ಮಾಡುವವರು ದ್ವಾದಶಿಯಂದು ಪಾರಣೆ ಮಾಡುತ್ತಾರೆ. ಜೈನರಿಗೆ ಅಕ್ಷಯ ತೃತೀಯ ದೊಡ್ಡ ದಿನವಾಗಿರುವುದೇ ಒಂದು ಪಾರಣೆಯ ನೆನಪಿಗಾಗಿ: ಮೊದಲ ತೀರ್ಥಂಕರ ಋಷಭನಾಥನ ದೀರ್ಘ ಉಪವಾಸ ಅಂದು ಶ್ರೇಯಾಂಸನು ಕೊಟ್ಟ ಕಬ್ಬಿನ ಹಾಲಿನಿಂದ ಮುಗಿಯಿತು ಅಂತ ನಂಬಿಕೆ. ಇಫ್ತಾರಿಗೆ ‘ಉಪವಾಸ ಪಾರಣೆ’ ಅಂತ ಬರೆದದ್ದನ್ನೂ ಅಲ್ಲಲ್ಲಿ ಓದಿದ್ದೇನೆ. ನನಗೇನೋ ಇಷ್ಟವಾಯಿತು. ಅದು ಒಂದು ಧರ್ಮದ ಸ್ವತ್ತಾದ ಪದ ಅಂತ ಯಾರಾದರೂ ತಕರಾರು ಮಾಡಬಹುದು. ಹಾಗೆ ನೋಡಿದರೆ ‘ಉಪವಾಸ’ವೂ ಬಳಸುವಂತಿಲ್ಲ.

‘ಉಪವಾಸ’ ಪದದ ಕಥೆಯೂ ಮಜವಾಗಿದೆ. ‘ಉಪ’ ಅಂದರೆ ಹತ್ತಿರ, ‘ವಾಸ’ ಅಂದರೆ ಇರುವುದು, ಆದ್ದರಿಂದ ದೇವರ ಹತ್ತಿರ ಇರುವುದೇ ಉಪವಾಸ ಅಂತ ಪ್ರವಚನಗಳಲ್ಲಿ ಕೇಳಿರುತ್ತೀರಿ. ಯಜ್ಞಗಳನ್ನು ವಿವರಿಸುವ ವೇದಕಾಲದ ಗ್ರಂಥ ಶತಪಥ ಬ್ರಾಹ್ಮಣದ ಆರಂಭದಲ್ಲಿ ಸಿಗುವ ವಿವರಣೆ ತಿರುಗಾಮುರುಗಾ. ನಾಳೆ ಯಜ್ಞ ಅಂತ ಗೊತ್ತಾಗಿ ದೇವತೆಗಳೇ ಯಜಮಾನನ ಮನೆಗೆ ಹಿಂದಿನ ದಿನವೇ ಬಂದು ಇಳಿದುಕೊಳ್ಳುತ್ತಾರೆ. ಹೀಗೆ ಅವರು ಹತ್ತಿರ ಬಂದಿರುವ ದಿನ ‘ಉಪವಸಥ’. ಮನೆಗೆ ಬಂದ ಮನುಷ್ಯರಿಗಿಂತ ಮೊದಲು ಉಣ್ಣುವುದೇ ಸರಿಯಲ್ಲ, ದೇವತೆಗಳಿಗಿಂತ ಮೊದಲು ಉಂಡರೆ ಹೇಗೆ? ಅದಕ್ಕೇ ಊಟ ಬೇಡ. ಅಂದರೆ ಮೊದಲಿಗೆ ಇದು ತಪಸ್ಸಿಗಿಂತ ಜಾಸ್ತಿ ಆತಿಥ್ಯದ ಮರ್ಯಾದೆ. ಅಲ್ಲಿಯೇ ಯಾಜ್ಞವಲ್ಕ್ಯ ಒಂದು ದಾರಿ ತೋರಿಸುತ್ತಾನೆ: ತಿಂದರೂ ತಿಂದ ಲೆಕ್ಕಕ್ಕೆ ಬಾರದ್ದನ್ನು ತಿನ್ನಿ. ಯಾವುದನ್ನು ಹೋಮಕ್ಕೆ ಹಾಕುವುದಿಲ್ಲವೋ ಅದು, ಕಾಡಿನ ಗಿಡಗಳದ್ದು, ಮರದ ಹಣ್ಣು. ಇವತ್ತಿನ ಫಲಾಹಾರದ ಜಾಣತನ ಅಷ್ಟು ಹಳೆಯದು!

ಇದೇ ‘ಉಪವಸಥ’ ಬೌದ್ಧ ಗ್ರಂಥಗಳ ಭಾಷೆಯಾದ ಪಾಲಿಯಲ್ಲಿ ‘ಉಪೋಸಥ’ ಆಯಿತು. ಅಲ್ಲಿ ಅದರ ಅರ್ಥ ಉಪವಾಸ ಅಲ್ಲ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಭಿಕ್ಷುಗಳು ಸೇರಿ ತಮ್ಮ ನಿಯಮಗಳನ್ನು ಒಟ್ಟಾಗಿ ಹೇಳುವ ದಿನ. ಗೃಹಸ್ಥರು ಆ ದಿನ ಎಂಟು ಶೀಲಗಳನ್ನು ಹಿಡಿಯುತ್ತಾರೆ. ಅವುಗಳಲ್ಲಿ ಮಧ್ಯಾಹ್ನದ ನಂತರ ಉಣ್ಣದಿರುವುದೂ ಒಂದು. ಶ್ರೀಲಂಕಾದಲ್ಲಿ ಪ್ರತಿ ಹುಣ್ಣಿಮೆಗೂ ರಜೆ ಕೊಡುವ ‘ಪೋಯ’ ದಿನದ ಹೆಸರು ಬಂದದ್ದು ಇದರಿಂದಲೇ. ಅನುವಾದ ಮಾಡುವವರಿಗೆ ಒಂದು ವಿನಂತಿ: ದಯವಿಟ್ಟು ‘ಉಪೋಸಥ’ವನ್ನು ‘ಉಪವಾಸ’ ಅಂತ ಮಾಡಬೇಡಿ. ಪೂರ್ತಿ ದಿಕ್ಕು ತಪ್ಪುತ್ತದೆ.

ಕ್ರೈಸ್ತರ ವಿಷಯಕ್ಕೆ ಬಂದರೆ, ಈಸ್ಟರ್‌ಗೆ ಮುಂಚಿನ ಆ ಉಪವಾಸದ ದಿನಗಳಿಗೆ, ಅಂದರೆ ಲೆಂಟ್‌ಗೆ, ಕನ್ನಡ ಕಥೋಲಿಕರು ‘ತಪಸ್ಸುಕಾಲ’ ಅನ್ನುತ್ತಾರೆ. ಒಳ್ಳೆಯ ಪದ. ಬೂದಿ ಬುಧವಾರದಿಂದ ಈಸ್ಟರ್‌ನ ಹಿಂದಿನ ದಿನದವರೆಗೆ ಎಣಿಸಿದರೆ 46 ದಿನ, ನಡುವಿನ 6 ಭಾನುವಾರ ಕಳೆದರೆ 40. ಇವತ್ತಿನ ಕಥೋಲಿಕ ನಿಯಮದಂತೆ ಕಡ್ಡಾಯ ಉಪವಾಸ ಇರುವುದು ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಮಾತ್ರ. ಆ ದಿನವೂ ಒಂದು ಪೂರ್ತಿ ಊಟ ಮಾಡಬಹುದು, ಬೇಕಾದರೆ ಎರಡು ಸಲ ಸ್ವಲ್ಪ ಸ್ವಲ್ಪ ತಿನ್ನಬಹುದು. ಇದು ನೀರೂ ಕುಡಿಯದ ರೋಜಾದಂಥದ್ದಲ್ಲ. ಇದಕ್ಕೆ ಹತ್ತಿರವಾದ ಅಚ್ಚಗನ್ನಡ ಪದ ‘ಒಪ್ಪತ್ತು’. ಒಂದು ಹೊತ್ತು ಮಾತ್ರ ಉಣ್ಣುವುದು. ರೋಜಾ ಎಂಬ ಪದವೂ ಪಾರಸಿಯ ‘ರೋಜ್’, ಅಂದರೆ ದಿನ, ಎಂಬುದರಿಂದ ಬಂದದ್ದು. ಎರಡೂ ಕಡೆ ಹೆಸರು ಬಂದಿರುವುದು ಹಸಿವಿನಿಂದಲ್ಲ, ಹೊತ್ತಿನಿಂದ.

ಯಹೂದಿಗಳ ಯೋಮ್ ಕಿಪ್ಪೂರ್ ದಿನದ ಉಪವಾಸ ಸುಮಾರು 25 ಗಂಟೆ. ಸಂಜೆ ಶುರುವಾಗಿ ಮರುದಿನ ಕತ್ತಲಾದ ಮೇಲೆ ಶೋಫಾರ್ ಎಂಬ ಕೊಂಬು ಊದಿದಾಗ ಮುಗಿಯುತ್ತದೆ. ಅನ್ನ ನೀರು ಮಾತ್ರವಲ್ಲ, ಸ್ನಾನ, ಚರ್ಮದ ಚಪ್ಪಲಿ ಕೂಡ ಇಲ್ಲ. ಹೀಬ್ರೂವಿನ ‘ತ್ಸೋಮ್’, ಅರಬ್ಬಿಯ ‘ಸೌಮ್’ ಒಂದೇ ಬೇರಿನವು. ಕುರಾನಿನ 19ನೇ ಅಧ್ಯಾಯದಲ್ಲಿ ಯೇಸುವಿನ ತಾಯಿ ಮರಿಯಮ್‌ಗೆ ‘ನಾನು ಸೌಮ್‌ನ ಹರಕೆ ಹೊತ್ತಿದ್ದೇನೆ, ಇವತ್ತು ಯಾರ ಜೊತೆಗೂ ಮಾತಾಡುವುದಿಲ್ಲ’ ಅನ್ನು ಎಂಬ ಅಪ್ಪಣೆ ಆಗುತ್ತದೆ. ಅಲ್ಲಿ ಸೌಮ್ ಅಂದರೆ ಮೌನ. ತಡೆದುಕೊಳ್ಳುವುದು ಮುಖ್ಯ, ಏನನ್ನು ಅನ್ನುವುದು ಆಮೇಲಿನ ಮಾತು. ಸಿಖ್ಖರಲ್ಲಿ ಉಪವಾಸಕ್ಕೆ ಪುಣ್ಯದ ಲೆಕ್ಕವಿಲ್ಲ, ಪಾರ್ಸಿಗಳು ಪಾಲಿಸುವ ಜರತುಷ್ಟ್ರನ ಧರ್ಮದಲ್ಲಿ ಅನ್ನ ಬಿಡುವುದನ್ನು ಒಪ್ಪುವುದೇ ಇಲ್ಲ. ಆದ್ದರಿಂದ ‘ಎಲ್ಲ ಧರ್ಮಗಳೂ ಉಪವಾಸ ಹೇಳುತ್ತವೆ’ ಎಂಬ ಭಾಷಣದ ಮಾತನ್ನು ನಂಬಬೇಡಿ.

ಮತ್ತೆ ಕನ್ನಡಕ್ಕೆ. ನನಗೆ ಕಾಣುವಂತೆ, ನಾಮಪದ ಒಂದೇ ಇದ್ದರೂ ನಮ್ಮಲ್ಲಿ ಅರ್ಥ ಬಿಡಿಸುವುದು ಕ್ರಿಯಾಪದ. ಉಪವಾಸ ‘ಇರು’, ‘ಮಾಡು’ ಅಂದರೆ ಶ್ರದ್ಧೆ. ಉಪವಾಸ ‘ಕೂತರು’ ಅಂದರೆ ಬೇಡಿಕೆ. ಉಪವಾಸ ‘ಬಿದ್ದರು’ ಅಂದರೆ ಬಡತನ. ಉಪವಾಸ ‘ಕೆಡವಿದ’ ಅಂದರೆ ಅನ್ಯಾಯ, ಹೆಂಡತಿ ಮಕ್ಕಳ ಹೊಟ್ಟೆಗೆ ಹಾಕದವನ ಮೇಲಿನ ದೂರು. ಶುರುವಿಗೆ ಇಷ್ಟು ಸೂಕ್ಷ್ಮ ಇಟ್ಟುಕೊಂಡ ಭಾಷೆ ಕೊನೆಗೆ ಬಂದಾಗ ಎಲ್ಲದಕ್ಕೂ ‘ಮುರಿ’ ಅನ್ನುವುದು ಅನ್ಯಾಯ. ಬೇಡಿಕೆಯ ಉಪವಾಸಕ್ಕೆ ‘ಕೈಬಿಟ್ಟರು’, ‘ನಿಲ್ಲಿಸಿದರು’ ಹೊಂದುತ್ತದೆ. ಗಾಂಧೀಜಿ 1932ರ ಸೆಪ್ಟೆಂಬರ್ 20ರಂದು ಯರವಡಾ ಜೈಲಿನಲ್ಲಿ ಹಿಡಿದದ್ದನ್ನು 26ರಂದು ನಿಲ್ಲಿಸಿದರು, ಪುಣೆ ಒಪ್ಪಂದ ಆದ ಮೇಲೆ. ಅಲ್ಲಿ ಮೊದಲೇ ಗೊತ್ತಾದ ಕೊನೆ ಇರಲಿಲ್ಲ, ಹಾಗಾಗಿ ‘ಪಾರಣೆ’ ಹೊಂದುವುದಿಲ್ಲ. ರಂಜಾನಿಗೆ ‘ಇಫ್ತಾರ್ ಮಾಡಿದರು’ ಅಂದರೆ ಸಾಕು, ಎಲ್ಲರಿಗೂ ಗೊತ್ತಿರುವ ಪದ. ಕನ್ನಡವೇ ಬೇಕೆಂದರೆ ‘ರೋಜಾ ತೆರೆದರು’. ಅದೂ ಬೇಡವೆಂದರೆ ಸರಳವಾಗಿ ‘ಮುಗಿಸಿದರು’. ‘ಬಿಟ್ಟರು’ ಅಂತೀರಾ? ‘ಈ ವರ್ಷದಿಂದ ಉಪವಾಸ ಬಿಟ್ಟೆ’ ಅನ್ನುವ ಅರ್ಥವೂ ಅದಕ್ಕೆ ಬರುತ್ತದೆ, ಎಚ್ಚರ.

ಹಾಗಾಗಿ ನನ್ನ ಪ್ರಶ್ನೆಗಳು. ‘ತೊರೆ’ ಬಳಕೆ ನಿಮ್ಮ ಕಡೆ ಎಷ್ಟು ಹಳೆಯದು? ‘ರೋಜಾ ತೆರೆ’ ಅನ್ನುವುದನ್ನು ಕನ್ನಡ ಮಾತಿನಲ್ಲಿ ಕೇಳಿದ್ದೀರಾ? ತಪಸ್ಸುಕಾಲದ ಕೊನೆಗೆ ಕನ್ನಡ ಕ್ರೈಸ್ತರ ಮನೆಮಾತಿನಲ್ಲಿ ಯಾವ ಕ್ರಿಯಾಪದ ಬರುತ್ತದೆ? ನಿಘಂಟಿನ ಉತ್ತರಕ್ಕಿಂತ ಮನೆಯಲ್ಲಿ, ಬೀದಿಯಲ್ಲಿ ಕೇಳಿದ ಮಾತು ಇದ್ದರೆ ಜಾಸ್ತಿ ಸಂತೋಷ.