ಟೆಲಿ ಸ್ಪೀಚ್ ಥೆರಪಿ: ಬೋರ್ಡಿಗೆ ಕನ್ನಡ ಪದ ಬೇಕು (ತುರ್ತು)

ಹಾಸನದಿಂದ:
ಎಲ್ಲರಿಗೂ ನಮಸ್ಕಾರ. ನಾನು ಸ್ಪೀಚ್ ಥೆರಪಿಸ್ಟ್, ಮಾತಿನ ತೊಂದರೆ ಇರುವವರಿಗೆ ಮಾತಾಡಲು ಅಭ್ಯಾಸ ಮಾಡಿಸುತ್ತೇನೆ. ಸಕಲೇಶಪುರದ ಕಡೆ ಒಂದು ಆಸ್ಪತ್ರೆಯಲ್ಲಿ ನಮಗೊಂದು ಕೋಣೆ ಕೊಟ್ಟಿದ್ದಾರೆ. ಮಗು ಮತ್ತು ತಾಯಿ ಅಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಾರೆ. ನಾನು ಹಾಸನದಲ್ಲಿ ಕೂತು ವಿಡಿಯೋದಲ್ಲಿ ಹೇಳಿಕೊಡುತ್ತೇನೆ. ಲಕ್ವ ಹೊಡೆದು ಮಾತು ನಿಂತ ಹಿರಿಯರೂ ಬರುತ್ತಾರೆ. ಅವರು ವಾರ ವಾರ ಬಸ್ಸು ಹತ್ತಿ ಹಾಸನಕ್ಕೆ ಬರುವುದು ಆಗದ ಕೆಲಸ. ಬಾಗಿಲ ಮೇಲೆ ಬೋರ್ಡು ಬರೆಸಬೇಕು, ಪೇಂಟರ್ ಗುರುವಾರ ಬರುತ್ತಾರೆ. ಆಸ್ಪತ್ರೆಯವರು 'ದೂರವಾಕ್ ಚಿಕಿತ್ಸೆ' ಅಂತ ಕೊಟ್ಟಿದ್ದಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಏನು ಬರೆಸಲಿ?

ಮೈಸೂರಿನಿಂದ:
ಸಮಾಸ ಕೆಟ್ಟಿದೆ. ಹಾಗೆ ಬರೆದರೆ 'ದೂರವಾಕ್ಕಿಗೆ ಚಿಕಿತ್ಸೆ' ಅಂತ ಆಗುತ್ತದೆ. ದೂರ ಇರುವುದು ವಾಕ್ಕು ಅಲ್ಲ, ಚಿಕಿತ್ಸೆ ಕೊಡುವವರು. 'ದೂರ-ವಾಕ್‌ಚಿಕಿತ್ಸೆ' ಎಂದು ಗೆರೆ ಹಾಕಿ, ಸರಿಹೋಗುತ್ತದೆ. ವಾಕ್ ಪದ ಕಷ್ಟ ಅನ್ನುವವರು ಬರುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಶುರುವಾಗಿದ್ದು 1965ರಲ್ಲಿ. ಪದ ಬೇರು ಬಿಟ್ಟಿದೆ.

ಧಾರವಾಡದಿಂದ:
ಬೋರ್ಡಿನಲ್ಲಿ ಬೇರು ಬಿಟ್ಟಿದೆ, ಬಾಯಲ್ಲಿ ಬಿಟ್ಟಿಲ್ಲ. ನಿಮ್ಮ ಮೈಸೂರಿನವರೇ ಆ ಸಂಸ್ಥೆಯನ್ನು 'ಸ್ಪೀಚ್ ಅಂಡ್ ಹಿಯರಿಂಗ್' ಅನ್ನುತ್ತಾರೆ. 'ಮಾತು' ಇರುವಾಗ ವಾಕ್ ಯಾಕೆ? ಮಾತು ಎಂಥ ಪದ ಅಂತ ನೋಡಿ. ತಮಿಳಿನ ಪುಟ್ರು, ತೆಲುಗಿನ ಪುಟ್ಟ, ನಮ್ಮ ಹುತ್ತ ಮೂರೂ ಒಂದೇ ಪದ, ತಮಿಳಿನ 'ಟ್ರ' ತೆಲುಗಿನಲ್ಲಿ 'ಟ', ನಮ್ಮಲ್ಲಿ 'ತ' ಆಗಿದೆ. ಅದೇ ದಾರಿಯಲ್ಲಿ ತಮಿಳಿನ ಮಾಟ್ರಂ, ತೆಲುಗಿನ ಮಾಟ, ನಮ್ಮ ಮಾತು. ಹಳೆಯ ತಮಿಳಿನಲ್ಲಿ ಮಾಟ್ರಂ ಅಂದರೆ ನುಡಿಯೂ ಹೌದು, ಮರುನುಡಿಯೂ ಹೌದು. ಅದರ ಬುಡ 'ಮಾಱು', ಅಂದರೆ ಅದಲುಬದಲು. ಒಬ್ಬರು ಕೊಟ್ಟು ಇನ್ನೊಬ್ಬರು ತಿರುಗಿಸಿದರೆ ಮಾತು. ಥೆರಪಿಯಲ್ಲಿ ನಡೆಯುವುದೂ ಇದೇ ಅಲ್ವಾ? 'ದೂರ'ವೂ ಬೇಡ. ಅದೇ ಅರ್ಥದ ಹಳಗನ್ನಡದ 'ಗೆಂಟು' ಇದೆ. 'ಗೆಂಟಿನ ಮಾತಾರೈಕೆ' ಅನ್ನಿ.

ಮೈಸೂರಿನಿಂದ:
ಗೆಂಟನ್ನು ಜನ 'ಗಂಟು' ಅಂತ ಓದುತ್ತಾರೆ. ಗಂಟಲಲ್ಲಿ ಗಂಟು ಇರುವವರು ಬಾಗಿಲಿಗೆ ಬರುತ್ತಾರೆ. ಬೇಡ.

ಹಾಸನದಿಂದ:
'ಮಾತು' ಒಪ್ಪಿದೆ. ಆದರೆ ನನ್ನ ದೊಡ್ಡ ತಕರಾರು 'ಚಿಕಿತ್ಸೆ' ಬಗ್ಗೆ. ಚಿಕಿತ್ಸೆ ಅಂದ ಕೂಡಲೇ ಅಪ್ಪ ಅಮ್ಮ ಔಷಧಿ ಕೇಳುತ್ತಾರೆ. ನಾಲಿಗೆಯ ಅಡಿಯ ದಾರ ಕೊಯ್ದರೆ ಮಾತು ಬಂದೀತೇ ಅಂತ ಕೇಳುತ್ತಾರೆ. ಇಲ್ಲವೇ ಮಗುವನ್ನು ಕೂರಿಸಿ ತಾವು ಹೊರಗೆ ಹೋಗಿಬಿಡುತ್ತಾರೆ. ವಿಡಿಯೋದಲ್ಲಿ ನಾನು ಮಗುವಿನ ಗಲ್ಲ ಮುಟ್ಟಲಾರೆ, ಬೊಂಬೆ ಕೈಗೆ ಕೊಡಲಾರೆ. ಅದನ್ನೆಲ್ಲ ಪಕ್ಕದಲ್ಲಿ ಕೂತ ತಾಯಿಯೇ ಮಾಡಬೇಕು. ಎಷ್ಟು ಹೊತ್ತು ಕಾಯಬೇಕು, ಯಾವಾಗ ಮತ್ತೆ ಹೇಳಬೇಕು ಅಂತ ನಾನು ತಾಯಿಗೆ ಕಲಿಸುತ್ತೇನೆ. ಮನೆಗೆ ಹೋದ ಮೇಲೆ ಊಟ, ಸ್ನಾನ, ಆಟದ ನಡುವೆ ಅವರು ಅದನ್ನೇ ಮುಂದುವರಿಸಬೇಕು. ಇದು ಬೋರ್ಡಿನಲ್ಲೇ ಗೊತ್ತಾಗಬೇಕು.

ಇನ್ನೊಂದು. ಫೋನ್ ಅಂತ ತಿಳಿಯುವ ಪದ ಬೇಡ. ಹಳೆಯ ಫೋನ್ ಲೈನು 3400 ಹರ್ಟ್ಜ್‌ಗಿಂತ ಮೇಲಿನ ಸದ್ದನ್ನು ದಾಟಿಸುತ್ತಿರಲಿಲ್ಲ. 'ಸ'ದ ಸೀಟಿಯ ಸದ್ದು ಹೆಚ್ಚಾಗಿ ಅದರ ಮೇಲೇ ಇರುತ್ತದೆ. 'ಶ' ಅನ್ನುವ ಮಗುವಿಗೆ 'ಸ' ಕಲಿಸುವವರಿಗೆ ಬೇಕಾದದ್ದೇ ಅದು. ತುಟಿ, ನಾಲಿಗೆ ಕಾಣಲೂ ಬೇಕು. ಅದಕ್ಕೇ 'ವಿಡಿಯೋ' ಬೇಕು ಅನ್ನುತ್ತಿದ್ದೇನೆ.

ನ್ಯೂಜೆರ್ಸಿಯಿಂದ:
ಮೇಡಂ ಹೇಳಿದ್ದು ಸರಿ. ಇಲ್ಲಿನ ಸ್ಪೀಚ್ ಥೆರಪಿಸ್ಟ್‌ಗಳ ಸಂಘ ಆಶಾ, 2005ರಲ್ಲಿ 'ಟೆಲಿಪ್ರಾಕ್ಟೀಸ್' ಅನ್ನುವ ಪದ ಆರಿಸಿಕೊಂಡಿತು. ಟೆಲಿಮೆಡಿಸಿನ್, ಟೆಲಿಹೆಲ್ತ್ ಎರಡನ್ನೂ ಬೇಕಂತಲೇ ಬಿಟ್ಟರು. ಈ ಕೆಲಸ ಆಸ್ಪತ್ರೆಯಲ್ಲಷ್ಟೇ ಅಲ್ಲ, ಶಾಲೆಯಲ್ಲೂ ನಡೆಯುತ್ತದೆ ಅನ್ನುವುದು ಅವರ ವಾದ. ಭಾರತದಲ್ಲೂ 2020ರ ಮಾರ್ಚ್‌ನ ಟೆಲಿಮೆಡಿಸಿನ್ ಮಾರ್ಗಸೂಚಿ ಬಂದದ್ದು ನೋಂದಾಯಿತ ವೈದ್ಯರಿಗಾಗಿ. ಹಾಗಾಗಿ ಚಿಕಿತ್ಸೆ ಬಿಡಿ. ಆದರೆ 'ಟೆಲಿ' ಇಟ್ಟುಕೊಳ್ಳಿ, ಎಲ್ಲರಿಗೂ ಗೊತ್ತಿರುವ ಪದ.

ಧಾರವಾಡದಿಂದ:
ಟೆಲಿ, ವಿಡಿಯೋ, ಥೆರಪಿ. ಇನ್ನು ಕನ್ನಡ ಯಾಕೆ, ಇಂಗ್ಲಿಷಿನಲ್ಲೇ ಬರೆಸಿ. ಒಂದೊಂದೇ ಪದ ಹೊರಗಿನಿಂದ ತಂದರೆ ನಮ್ಮ ಪದ ಕಟ್ಟುವ ಶಕ್ತಿಯೇ ಹೋಗುತ್ತದೆ.

ಮೈಸೂರಿನಿಂದ:
ಕಾಗದ, ಖುರ್ಚಿ, ಮೇಜು, ಸಾಬೂನು ಎಲ್ಲ ಹೊರಗಿನಿಂದ ಬಂದವೇ. ಕನ್ನಡ ಹೋಯಿತೇ? 'ಮೇಜಿನ ಮೇಲೆ' ಅನ್ನುವಾಗ 'ಇನ' ನಮ್ಮದು. ಅಷ್ಟು ಸಾಕು. ಸಂಸ್ಕೃತದ್ದು ಬಂದಾಗ ಮಾತ್ರ ನಿಮಗೆ ಸಿಟ್ಟು.

ಧಾರವಾಡದಿಂದ:
ಸಿಟ್ಟು ಸಂಸ್ಕೃತದ ಮೇಲಲ್ಲ. ಓದುವವರಿಗೆ ತಿಳಿಯದ ಪದ ಹೊರಿಸುವುದರ ಮೇಲೆ.

ಮೈಸೂರಿನಿಂದ:
ಗೆಂಟು ಹೊರಿಸಿದವರು ಯಾರು?

ಹಾಸನದಿಂದ:
ಹೀಗೆ ಬರೆಸುತ್ತಿದ್ದೇನೆ. ದೊಡ್ಡ ಅಕ್ಷರದಲ್ಲಿ 'ಮಾತಿನ ತರಬೇತಿ'. ಕೆಳಗೆ 'ವಿಡಿಯೋ ಕರೆಯಲ್ಲಿ. ಮನೆಯವರು ಜೊತೆಗೆ ಕೂರಬೇಕು'. ಎಲ್ಲರಿಗೂ ವಂದನೆ.

ಧಾರವಾಡದಿಂದ:
ತರಬೇತಿ ಅರಬ್ಬಿಯ ತರ್ಬಿಯತ್. 'ಮಾತಿನ ಕಲಿಕೆ' ಅನ್ನಿ, ಇನ್ನೂ ಸಮಯವಿದೆ.

ಹಾಸನದಿಂದ:
ಸರ್, ಕಲಿಕೆ ಅಂದರೆ ಲಕ್ವ ಆದ ಹಿರಿಯರಿಗೆ ನೋವಾಗುತ್ತದೆ. ಎಪ್ಪತ್ತು ವರ್ಷ ಮಾತಾಡಿದವರು ಅವರು. ತರಬೇತಿ ಇರಲಿ. ಪೇಂಟರ್‌ಗೆ ಕಳಿಸಿಯಾಯಿತು.