ಡ್ರೇನ್ ಬೋಲ್ಟಿನ ತಲೆ ಸವೆದು ಗುಂಡಗಾಗಿದೆ, ಬಿಚ್ಚಿದವರು ಹೇಳಿ

ತುಮಕೂರು: ಸ್ಪ್ಲೆಂಡರ್ ಪ್ಲಸ್, ಬಿಎಸ್6. ಎಂಜಿನ್ ಕೆಳಗೆ ಆಯಿಲ್ ಹರಿಸೋಕಿರುವ ಡ್ರೇನ್ ಬೋಲ್ಟಿನ 17 ಎಂಎಂ ತಲೆಯ ಮೂಲೆಗಳು ಹೋಗಿವೆ, ರಿಂಗ್ ಸ್ಪ್ಯಾನರ್ ಸುಮ್ಮನೆ ಸುತ್ತುತ್ತೆ. ಎಂಜಿನ್ ಇಳಿಸದೆ ತೆಗೆದವರು ಅನುಭವ ಹಂಚಿಕೊಳ್ಳಿ.

ಹಾಸನ: ಪ್ಯಾಶನ್‌ನಲ್ಲಿ ಇದೇ ಆಗಿತ್ತು. 16 ಎಂಎಂ ಆರು ಮೂಲೆ ಸಾಕೆಟ್ ಬಡಿದು ಕೂರಿಸಿ ತೆಗೆದದ್ದು. ಹನ್ನೆರಡು ಮೂಲೆಯದ್ದು ಬೇಡವೇ ಬೇಡ, ಅದು ತುದಿಯನ್ನಷ್ಟೇ ಹಿಡಿದು ಉಳಿದದ್ದನ್ನೂ ಕೆರೆದು ಹಾಕುತ್ತೆ. ಮೊದಲು ಎಂಜಿನ್ ಐದು ನಿಮಿಷ ಓಡಿಸಿ. ಬಿಸಿಗೆ ಎಂಜಿನ್ ಕೇಸಿನ ಅಲ್ಯೂಮಿನಿಯಂ ಬೋಲ್ಟಿನ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತೆ, ಹಿಡಿತ ಸಡಿಲವಾಗುತ್ತೆ. ಎದುರುಬದುರು ಎರಡು ಬದಿ ಅರದಿಂದ ಉಜ್ಜಿ, ಸಾಕೆಟ್ ಇಟ್ಟು ಸಣ್ಣ ಸುತ್ತಿಗೆಯಲ್ಲಿ ನೇರವಾಗಿ ಬಡಿಯಿರಿ. ಓರೆಯಾಗಿ ಬಿದ್ದರೆ ಆ ಕೇಸು (ಕ್ರ್ಯಾಂಕ್‌ಕೇಸ್) ಬಿರುಕು ಬಿಡಬಹುದು. ಆಗ ಆದ ಖರ್ಚು: ಸಾಕೆಟ್ 180 ರೂಪಾಯಿ, ಹೊಸ ಬೋಲ್ಟ್ 55, ವಾಷರ್ 10, ಆಯಿಲ್ 390. ಬೋಲ್ಟ್ ಸಾಕೆಟ್ ಒಳಗೇ ಸಿಕ್ಕಿಕೊಂಡಿತು, ವೈಸ್‌ಗೆ ಹಾಕಿ ಪಂಚ್‌ನಲ್ಲಿ ಹೊಡೆದು ತೆಗೆಯಬೇಕಾಯ್ತು.

ಹುಬ್ಬಳ್ಳಿ: ಸಾಕೆಟ್ ಬಡಿಯೂದು ಪೂರ್ತಿ ಗುಂಡಗಾದ ಬೋಲ್ಟಿಗೆ ಆಗೂದಿಲ್ರಿ. ನಮ್ಮ ಗಾಡೀಗೆ ತಲಿ ಮ್ಯಾಲೆ ನಟ್ ಇಟ್ಟು ಒಳಗಿಂದ ವೆಲ್ಡ್ ತುಂಬಿಸಿದ್ವಿ. ಬ್ಯಾಟರಿಯ ಎರಡೂ ವೈರ್ ಬಿಚ್ಚಬೇಕು, ಎಂಜಿನ್ ಕಂಪ್ಯೂಟರಿನ (ಇಸಿಯು) ಕಪ್ಲರ್ ತಗೀಬೇಕು, ಟ್ಯಾಂಕ್ ಇಳಿಸಿ ದೂರ ಇಡಬೇಕು. ವೆಲ್ಡಿಂಗ್ ಮಷೀನಿನ ಅರ್ಥ್ ಕ್ಲಾಂಪ್ ಬೋಲ್ಟಿನ ಬಾಜೂಕ, ಕ್ರ್ಯಾಂಕ್‌ಕೇಸ್ ಮ್ಯಾಲೆನ ಹಾಕ್ರಿ. ಫ್ರೇಮಿಗೆ ಹಾಕಿದ್ರ ಕರೆಂಟ್ ಬೇರಿಂಗ್ ದಾಟಿ ಹೋಗಬಹುದು, ಬೇರಿಂಗ್ ಹಾಳು. ವೆಲ್ಡ್ ಆರಿದ ಮ್ಯಾಲೆ ಸ್ಪ್ಯಾನರ್ ಹಾಕ್ರಿ. ವೆಲ್ಡರ್‌ಗೆ 200, ನಟ್ 5. ಮತ್ತೇನೂ ಖರ್ಚಿಲ್ಲ.

ಬೆಂಗಳೂರು: ಆಯಿಲ್ ತುಂಬಿದ ಎಂಜಿನ್ ಕೆಳಗೆ ಕಿಡಿ ಹಾರಿಸಿ ಅಂತ ಸಲಹೆ ಕೊಡೋದು ಬೇಜವಾಬ್ದಾರಿ. ಒಳಗೆ ಉಲ್ಟಾ ಸುರುಳಿ ಇರುವ ಸಾಕೆಟ್‌ಗಳ ಸೆಟ್ (ಬೋಲ್ಟ್ ಎಕ್ಸ್‌ಟ್ರಾಕ್ಟರ್) ಎಸ್‌ಪಿ ರೋಡಲ್ಲಿ 900ಕ್ಕೆ ಸಿಕ್ಕಿತು. ತಿರುಗಿಸಿದಷ್ಟೂ ತಲೆ ಕಚ್ಚಿ ಹಿಡಿಯುತ್ತೆ. ಡಬ್ಲ್ಯೂಡಿ-40 ಹೊಡೆದು ರಾತ್ರಿಯಿಡೀ ಬಿಡಿ.

ಹಾಸನ: ಡಬ್ಲ್ಯೂಡಿ-40 ಯಾಕೆ? ಆ ಥ್ರೆಡ್ ಯಾವಾಗಲೂ ಆಯಿಲ್‌ನಲ್ಲೇ ಮುಳುಗಿರುತ್ತೆ, ತುಕ್ಕು ಹಿಡಿದು ಕಚ್ಚಿದ್ದಲ್ಲ. ಯಾರೋ ಹಿಡಿಗೆ ಪೈಪ್ ಹಾಕಿ ಬಿಗಿದು ವಾಷರ್ ಜಜ್ಜಿದ್ದಾರೆ, ಅಷ್ಟೇ.

ಹುಬ್ಬಳ್ಳಿ: 900 ರೂಪಾಯಿ ಸೆಟ್ ಕೂರಾಕ ತಲಿ ಎತ್ತರ ಬೇಕಲ್ರಿ? ಸವೆದ ಮ್ಯಾಲೆ ತಲಿ ಬುಡದ ಕಾಲರ್ ಬಿಟ್ರ ಏನು ಉಳೀತದ? ಬೇಜವಾಬ್ದಾರಿ ಅನ್ನೋಕಿಂತ ಮುಂಚೆ ಟ್ಯಾಂಕ್ ಇಳಿಸ್ರಿ ಅಂತ ಬರೆದಿದ್ದನ್ನ ಓದ್ರಿ. ಅಲ್ಲಿ ಆಯಿಲ್ ಜಿಡ್ಡು ಒರೆಸಿ, ಬಕೆಟ್ ಮರಳು ಪಕ್ಕಕ್ಕಿಟ್ಟು ಮಾಡೂ ಕೆಲಸ ಇದು.

ಮೈಸೂರು: ಇನ್ನೊಂದು ವಿಷಯ. ಕೆಳಗೆ ಮಲಗಿ ಬೋಲ್ಟ್ ಕಡೆ ಮುಖ ಮಾಡಿ ನೋಡಿದಾಗ ಗಡಿಯಾರದ ಮುಳ್ಳಿಗೆ ಉಲ್ಟಾ ತಿರುಗಿಸಬೇಕು. ಮೇಲಿಂದ ಬಗ್ಗಿ ನೋಡಿದರೆ ದಿಕ್ಕು ತಿರುಗುಮುರುಗು. ಬಿಚ್ಚೋ ಬದಲು ಬಿಗಿದು ತಲೆ ಸವೆಸುವವರೇ ಹೆಚ್ಚು.

ದಾವಣಗೆರೆ, ಲೇತ್: ತೆಗೆಯೋದು ಅರ್ಧ ಕೆಲಸ. ಬೋಲ್ಟ್ ಜೊತೆ ಬೆಳ್ಳಗಿನ ಸುರುಳಿ ಬಂದರೆ ಕೇಸಿನ ಥ್ರೆಡ್ ಹೋಯ್ತು ಅಂತ. ಈ ಬೋಲ್ಟಿನ ಥ್ರೆಡ್ ಎಂ12, ಅಂದರೆ 12 ಎಂಎಂ ದಪ್ಪ; ಸುತ್ತಿನಿಂದ ಸುತ್ತಿಗೆ 1.5 ಎಂಎಂ ಪಿಚ್. 12.5 ಎಂಎಂ ಡ್ರಿಲ್ ಹೊಡೆದು ಎಂ14×1.5 ಟ್ಯಾಪ್‌ನಲ್ಲಿ ಹೊಸ ಥ್ರೆಡ್ ಕೊರೆದು, ದೊಡ್ಡ ಬೋಲ್ಟ್ ಕೂರಿಸಿ. ಡ್ರಿಲ್‌ಗೂ ಟ್ಯಾಪ್‌ಗೂ ಗ್ರೀಸ್ ತುಂಬಿ, ಚೂರು ಅದಕ್ಕೆ ಅಂಟುತ್ತೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಕೊನೆಗೆ ಅರ್ಧ ಲೀಟರ್ ಅಗ್ಗದ ಆಯಿಲ್ ಮೇಲಿಂದ ಸುರಿದು ತೂತಿನಿಂದ ಹರಿಯಬಿಡಿ.

ಬೆಂಗಳೂರು: ಎಂ14 ಅಂದರೆ ಕೇಸಿನ ಗೋಡೆ ತೆಳುವಾಗುತ್ತೆ. ಹೆಲಿಕಾಯಿಲ್, ಅಂದರೆ ತೂತಿನೊಳಗೆ ಕೂರುವ ಉಕ್ಕಿನ ಥ್ರೆಡ್ ಸುರುಳಿ, ಹಾಕಿಸೋದೇ ಸರಿ, ಮೂಲ ಬೋಲ್ಟೇ ಕೂರುತ್ತೆ.

ದಾವಣಗೆರೆ, ಲೇತ್: ಎಂ12 ಹೆಲಿಕಾಯಿಲ್‌ನ ಟ್ಯಾಪೂ 14 ಎಂಎಂ ಹತ್ತಿರಕ್ಕೇ ಕೊರೆಯುತ್ತೆ ಸ್ವಾಮಿ. ಗೋಡೆ ಎರಡರಲ್ಲೂ ಅಷ್ಟೇ ತೆಳು. ಹೆಲಿಕಾಯಿಲ್‌ಗೆ ನನ್ನ ರೇಟು 600, ಎಂ14ಕ್ಕೆ ಬೋಲ್ಟ್ ಸೇರಿ 350. ಕಾಸು ಜಾಸ್ತಿ ಬರುವ ಕೆಲಸ ಬಿಟ್ಟು ಕಡಿಮೆಯದ್ದನ್ನ ಹೇಳ್ತಿದ್ದೀನಿ.

ಬೆಂಗಳೂರು: ಉಕ್ಕಿನ ಸುರುಳಿ ಇದ್ದರೆ ಮುಂದೆ ಥ್ರೆಡ್ ಕೀಳೋದಿಲ್ಲ. 250 ಉಳಿಸೋಕೆ ಮತ್ತೆ ಅಲ್ಯೂಮಿನಿಯಂ ಥ್ರೆಡ್ಡನ್ನೇ ನಂಬಬೇಕಾ?

ತುಮಕೂರು: ನನ್ನ ಬೋಲ್ಟಿನ ತಲೆ ಇನ್ನೂ 6 ಎಂಎಂ ಎತ್ತರ ಇದೆ. ಸಾಕೆಟ್ಟಾ, ವೆಲ್ಡಿಂಗಾ?

ದಾವಣಗೆರೆ, ಲೇತ್: ಬೆಂಗಳೂರಿನವರೇ, ಹೊಸ ವಾಷರ್ ಹಾಕಿ, ಬಿಗಿತ ಅಳೆಯುವ ಟಾರ್ಕ್ ರೆಂಚ್‌ನಲ್ಲಿ 25 ನ್ಯೂಟನ್ ಮೀಟರ್‌ಗೆ ಬಿಗಿದರೆ ಅಲ್ಯೂಮಿನಿಯಂ ಥ್ರೆಡ್ಡೂ ಬಾಳುತ್ತೆ. ಪೈಪ್ ಹಾಕಿ ಬಿಗಿಯುವವನ ಕೈಗೆ ಕೊಟ್ಟರೆ ನಿಮ್ಮ ಹೆಲಿಕಾಯಿಲ್ಲೂ ಬೋಲ್ಟ್ ಜೊತೆಗೇ ಎದ್ದು ಬರುತ್ತೆ.