ಕೊಳ್ಳುವವರು ಮೆಚ್ಚುವ ಗ್ಲೇಜ್ ಬಣ್ಣಗಳನ್ನು ಆರಿಸುವುದು ಹೇಗೆ?

ಕುಮಟಾದ ಮಣ್ಣಿನ ಕೆಲಸದವರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕುಮಟಾದ ಹತ್ತಿರ ಸಣ್ಣ ಪ್ರಮಾಣದಲ್ಲಿ ಸ್ಟೋನ್‌ವೇರ್ (ಹೆಚ್ಚು ಬಿಸಿಯಲ್ಲಿ ಗಟ್ಟಿಯಾಗಿ ಸುಟ್ಟ ಮಣ್ಣಿನ) ಲೋಟ, ಬಟ್ಟಲು, ತಟ್ಟೆಗಳನ್ನು ಮಾಡಿ ಮಾರುತ್ತಿದ್ದೇನೆ. ಹೊರಗಿನಿಂದ ತರಿಸಿದ ಮಣ್ಣಿಗೆ ಊರಿನ ಕೆಂಪು ಮಣ್ಣನ್ನು ಸ್ವಲ್ಪ ಬೆರೆಸಿ, ವಿದ್ಯುತ್ ಭಟ್ಟಿಯಲ್ಲಿ 1220 ಡಿಗ್ರಿ ಸೆಲ್ಸಿಯಸ್‌ವರೆಗೆ ಸುಡುತ್ತೇನೆ. ಗೋಕರ್ಣಕ್ಕೆ ಬರುವ ಪ್ರವಾಸಿಗರು ನೀಲಿ ಲೋಟ ಕಂಡೊಡನೆ ಕೈಗೆತ್ತಿಕೊಳ್ಳುತ್ತಾರೆ. ಶಿರಸಿ, ಹೊನ್ನಾವರ ಕಡೆಯ ಮನೆಯವರು ಅದೇ ಲೋಟವನ್ನು ತಿರುಗಿಸಿ ನೋಡಿ, ಚೆನ್ನಾಗಿದೆ ಎಂದು ಹೇಳಿ, ಇದ್ದಲ್ಲೇ ಇಡುತ್ತಾರೆ. ನೀಲಿಗೆ ಬೇಕಾದ ಕೋಬಾಲ್ಟ್ ದುಬಾರಿ. ಮಳೆಗಾಲ ಮುಗಿದು ಜನ ಬರತೊಡಗುವುದರೊಳಗೆ ಗ್ಲೇಜಿನ (ಪಾತ್ರೆಗೆ ಹಚ್ಚಿ ಸುಟ್ಟಾಗ ಗಾಜಿನಂತಾಗುವ ಲೇಪದ) ಯಾವ ಬಣ್ಣಗಳನ್ನು ಸಿದ್ಧಪಡಿಸಿಕೊಂಡರೆ ಇಬ್ಬರಿಗೂ ಹಿಡಿಸೀತು ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಘಟ್ಟದ ಮೇಲಿನವರು, ಶಿರಸಿ

ಬಣ್ಣದ ಪಟ್ಟಿಯನ್ನು ಬರೆಯುವ ಮೊದಲು ನಿಮ್ಮ ಮಣ್ಣು ಮತ್ತು ಭಟ್ಟಿ ಯಾವ ಬಣ್ಣಕ್ಕೆ ಒಪ್ಪುತ್ತವೆ ಎಂಬುದನ್ನು ನೋಡಿಕೊಳ್ಳುವುದು ಒಳ್ಳೆಯದು. ನಮ್ಮ ಕಡೆಯ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚಿರುವುದರಿಂದ ಅದರ ಮೇಲೆ ತೆಳುವಾಗಿ ಹಚ್ಚಿದ ನೀಲಿ ಮಂಕಾಗುತ್ತದೆ. ಬಿಳಿ ಜೇಡಿಯ ತೆಳು ಲೇಪವನ್ನು ಕೊಟ್ಟು ಅದರ ಮೇಲೆ ಗ್ಲೇಜ್ ಹಚ್ಚಿದರೆ ನೂರಕ್ಕೆ ಅರ್ಧದಿಂದ ಒಂದು ಭಾಗ ಕೋಬಾಲ್ಟ್ ಆಕ್ಸೈಡ್ ಗಾಢವಾದ ನೀಲಿಗೆ ಸಾಕು. ಅದನ್ನೂ ಲೋಟದ ಹೊರಮೈಗೆ ಮಾತ್ರ ಬಳಸಿದರೆ ಖರ್ಚು ಹತೋಟಿಯಲ್ಲಿರುತ್ತದೆ.

ಆದರೆ ನಿಮಗೆ ನಿಜವಾಗಿ ಒದಗುವ ವಸ್ತು ಕಬ್ಬಿಣ. ಪಾರದರ್ಶಕ ಗ್ಲೇಜಿಗೆ ನೂರಕ್ಕೆ ಒಂದೆರಡು ಭಾಗ ಕಬ್ಬಿಣದ ಆಕ್ಸೈಡ್ ಸೇರಿಸಿದರೆ ವಿದ್ಯುತ್ ಭಟ್ಟಿಯಲ್ಲಿ ತಿಳಿ ಜೇನಿನ ಬಣ್ಣ ಬರುತ್ತದೆ, ಎಂಟು ಹತ್ತು ಭಾಗಕ್ಕೆ ಏರಿಸಿದರೆ ಕಡುಕಂದು ಅಥವಾ ಕಪ್ಪು ಬರುತ್ತದೆ. ಚಿರೆಕಲ್ಲಿನ ಪುಡಿಯನ್ನು ನುಣ್ಣಗೆ ಸೋಸಿ ಇದಕ್ಕೆ ಪ್ರಯೋಗಿಸಿ ನೋಡಬಹುದು. ಅದೇ ಕಬ್ಬಿಣದಿಂದ ಬರುವ ಬೂದುಹಸಿರು ಸೆಲಡಾನ್ ಬಣ್ಣಕ್ಕೆ ಮಾತ್ರ ಆಮ್ಲಜನಕ ಕಡಿಮೆ ಇರುವ ಉರಿ ಬೇಕು, ಅಂದರೆ ಗ್ಯಾಸ್ ಅಥವಾ ಕಟ್ಟಿಗೆಯ ಭಟ್ಟಿ ಬೇಕು; ನಿಮ್ಮ ಭಟ್ಟಿಯಲ್ಲಿ ಅದರ ಬೆನ್ನು ಹತ್ತುವುದರಲ್ಲಿ ಅರ್ಥವಿಲ್ಲ.

ತಾಮ್ರದ ಹಸಿರಿನ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ನೋಡಲು ಬಹಳ ಚೆಂದ, ನಮ್ಮ ಕಾಡಿನ ಹಸಿರನ್ನು ನೆನಪಿಸುವುದರಿಂದ ಬೇಗ ಮಾರಾಟವೂ ಆಗುತ್ತದೆ. ಆದರೆ ನಾವು ಬಟ್ಟಲಿಗೆ ಹಾಕುವುದು ಅಪ್ಪೆಹುಳಿ, ಮುರುಗಲು ಸಾರು, ಮಜ್ಜಿಗೆ ಬೆರೆಸಿದ ತಂಬುಳಿ. ಸರಿಯಾಗಿ ಕೂಡಿಕೊಳ್ಳದ ಗ್ಲೇಜಿನಿಂದ ಹುಳಿಯು ತಾಮ್ರವನ್ನು ಬಿಡಿಸಿಕೊಳ್ಳುತ್ತದೆ. ಆದ್ದರಿಂದ ತಾಮ್ರವನ್ನು ಹೊರಮೈಗೆ, ಹೂದಾನಿಗೆ ಮೀಸಲಿಟ್ಟು, ಒಳಮೈಗೆ ಬಿಳಿ ಅಥವಾ ಪಾರದರ್ಶಕ ಗ್ಲೇಜನ್ನೇ ಹಚ್ಚಬೇಕು. ನಿಂಬೆಹೋಳನ್ನು ಗ್ಲೇಜಿನ ಮೇಲೆ ಕವುಚಿ ರಾತ್ರಿಯಿಡೀ ಬಿಟ್ಟಾಗ ಬೆಳಿಗ್ಗೆ ಬಣ್ಣ ಮಾಸಿದ್ದರೆ ಆ ಗ್ಲೇಜನ್ನು ಊಟದ ಪಾತ್ರೆಗೆ ಬಳಸಲೇಬಾರದು. ಮಾಸದಿದ್ದರೂ ಅದೊಂದನ್ನೇ ನಂಬದೆ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಬೇಕು. ಸೀಸವಿರುವ ಗ್ಲೇಜನ್ನು ಊಟದ ಪಾತ್ರೆಯ ಹತ್ತಿರಕ್ಕೂ ತರಬಾರದು. ಖಾನಾಪುರದಲ್ಲಿ ಕುಂಬಾರಿಕೆಯ ಕೇಂದ್ರ ಸಂಸ್ಥೆಯಿದ್ದು, ಮಣ್ಣು, ಗ್ಲೇಜುಗಳ ಬಗ್ಗೆ ಅಲ್ಲಿಯೂ ವಿಚಾರಿಸಬಹುದು.

ಅಂಗಡಿಕಾರರು, ಕಾರವಾರ

ನಾನು ಮಾರುವವನೇ ಹೊರತು ಮಾಡುವವನಲ್ಲ. ಪ್ರವಾಸಿಗ ಒಂದೇ ಲೋಟ ಕೊಳ್ಳುತ್ತಾನೆ, ಅವನಿಗೆ ಅದು ಕಡಲಿನ ನೆನಪು. ಮನೆಯವರು ಆರು ಕೊಳ್ಳುತ್ತಾರೆ, ಮತ್ತು ಅದರಲ್ಲಿ ಏನನ್ನು ಬಡಿಸುತ್ತೇವೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ನೋಡುತ್ತಾರೆ. ಕೆಂಪು ಮೀನಿನ ಸಾರು ಕಂದು ಬಟ್ಟಲಿನಲ್ಲಿ ಕಾಣುವುದೇ ಇಲ್ಲ, ಕೆನೆಬಣ್ಣದ ಬಟ್ಟಲಿನಲ್ಲಿ ಎದ್ದು ಕಾಣುತ್ತದೆ. ಬಿಳಿಯ ತಂಬುಳಿಗೆ ಮಾತ್ರ ಕಡುಬಣ್ಣವೇ ಒಪ್ಪುತ್ತದೆ. ನಿಮ್ಮ ನೀಲಿ ಲೋಟವನ್ನು ಅವರು ಇದ್ದಲ್ಲೇ ಇಡುವುದಕ್ಕೆ ಅದು ಒಂಟಿಯಾಗಿರುವುದೂ ಒಂದು ಕಾರಣವಿರಬಹುದು. ಅದಕ್ಕೆ ಹೊಂದುವ ಕೆನೆಬಣ್ಣದ ಬಟ್ಟಲು, ತಟ್ಟೆಗಳನ್ನು ಪಕ್ಕದಲ್ಲಿಟ್ಟು ನೋಡಿ.

ಇನ್ನೊಂದು ಮಾತು. ನಮ್ಮ ಕರಾವಳಿಯ ಹಳೆಯ ದೇವಸ್ಥಾನಗಳ ಗೋಡೆಗಳಲ್ಲಿ, ತುಳಸಿಕಟ್ಟೆಗಳಲ್ಲಿ ಸುಣ್ಣದ ಬಿಳಿಯ ಮೇಲೆ ಕೆಮ್ಮಣ್ಣಿನ ಕಾವಿ ಚಿತ್ತಾರವಿದೆ. ಈ ಎರಡು ಬಣ್ಣಗಳ ಜೋಡಿ ಇಲ್ಲಿಯ ಕಣ್ಣಿಗೆ ತಲೆಮಾರುಗಳಿಂದ ರೂಢಿಯಾಗಿದೆ. ಅಂಥ ಪಾತ್ರೆ ಬಂದರೆ ಊರಿನವರೂ ಪ್ರವಾಸಿಗರೂ ಕೊಂಡಾರು ಎಂಬ ನಂಬಿಕೆ ನನಗಿದೆ.

ಕುಮಟಾದ ಮಣ್ಣಿನ ಕೆಲಸದವರು

ಇಬ್ಬರಿಗೂ ಕೃತಜ್ಞತೆಗಳು. ಕಾವಿಯ ಸೂಚನೆ ನನಗೆ ಹೊಳೆದೇ ಇರಲಿಲ್ಲ. ಅಷ್ಟು ಬಿಸಿಯಲ್ಲಿ ಕೆಮ್ಮಣ್ಣಿನ ಕೆಂಪು ಉಳಿಯುತ್ತದೆಯೇ? ಹೊಳಪಿಲ್ಲದ ಮ್ಯಾಟ್ ಬಿಳಿಯನ್ನು ಈಗ ಅನೇಕರು ಕೇಳುತ್ತಿದ್ದಾರೆ, ಅದರ ಬಗ್ಗೆಯೂ ತಿಳಿಸಿ.

ಘಟ್ಟದ ಮೇಲಿನವರು, ಶಿರಸಿ

1220 ಡಿಗ್ರಿಯಲ್ಲಿ ಅದು ಹೆಂಚಿನ ಕೆಂಪಾಗಿ ಉಳಿಯದೆ ಕಂದಿನ ಕಡೆಗೆ ತಿರುಗುತ್ತದೆ, ಮೇಲೆ ಪಾರದರ್ಶಕ ಗ್ಲೇಜ್ ಬಿದ್ದರೆ ಇನ್ನಷ್ಟು ಕಪ್ಪಿಡುತ್ತದೆ. ಆದ್ದರಿಂದ ಹೊರಮೈಯ ಕೆಳಭಾಗದಲ್ಲಿ ಕೆಮ್ಮಣ್ಣಿನ ಒಂದು ಪಟ್ಟಿಯನ್ನು ಗ್ಲೇಜ್ ಇಲ್ಲದೆ ಬಿಟ್ಟು, ಮೇಲೆ ಕೆನೆಬಿಳಿ ಹಚ್ಚಿ ನೋಡಿ. ಪಾತ್ರೆಯ ಮಣ್ಣು ನೀರು ಹೀರದಷ್ಟು ಗಟ್ಟಿಯಾಗಿ ಸುಟ್ಟಿರುವುದು ಇಲ್ಲಿ ಮುಖ್ಯ, ಇಲ್ಲವಾದರೆ ನಮ್ಮ ಮಳೆಗಾಲದಲ್ಲಿ ಆ ಪಟ್ಟಿಗೆ ಬೂಷ್ಟು ಹಿಡಿಯುತ್ತದೆ.

ಮ್ಯಾಟ್ ಬಿಳಿಯನ್ನು ಹೊರಮೈಗೆ ಧಾರಾಳವಾಗಿ ಬಳಸಿ. ಒಳಗೆ ಹಚ್ಚಿದರೆ ಸ್ಟೀಲ್ ಚಮಚದ ಬೂದು ಗೆರೆಗಳು ಬೀಳುತ್ತವೆ, ಅರಿಶಿನದ ಕಲೆಯೂ ಸುಲಭವಾಗಿ ಹೋಗುವುದಿಲ್ಲ.

ಅಂಗಡಿಕಾರರು, ಕಾರವಾರ

ಮಾದರಿಗಳನ್ನು ಬಿಲ್ಲೆಗಳಾಗಿ ತರಬೇಡಿ. ಲೋಟ, ಬಟ್ಟಲುಗಳನ್ನೇ ತನ್ನಿ, ಹಗಲಿನ ಬೆಳಕಿನಲ್ಲೂ ಅಂಗಡಿಯ ಟ್ಯೂಬ್‌ಲೈಟಿನಲ್ಲೂ ನೋಡೋಣ. ಪ್ರತಿಯೊಂದರ ತಳದಲ್ಲಿ ಯಾವ ಗ್ಲೇಜ್, ಯಾವ ಸುಡುವಿಕೆಯದು ಎಂಬ ಗುರುತು ಇರಲಿ, ಏಕೆಂದರೆ ಆರರಲ್ಲಿ ಒಂದು ಒಡೆದಾಗ ಅದೇ ಬಣ್ಣದ ಇನ್ನೊಂದನ್ನು ಕೇಳಿಕೊಂಡು ಮನೆಯವರು ಬಂದೇ ಬರುತ್ತಾರೆ.